ಬೇಸಿಗೆಯಲ್ಲಿ ಕೊಡೆ ತಾತನ ಕೆಲಸ

ಸುಡುಬಿಸಿಲಲ್ಲಿ ಕೊಡೆ ರಿಪೇರಿ ಅಂಗಡಿಗೆ ಹೋಗಿ ಕೆಲಸ ಕೇಳಿದ ಪುಣ್ಯಾತ್ಗಿತ್ತಿ ಬಹುಶಃ ನಾನೊಬ್ಬಳೇ. ಅದಕ್ಕೆ ಮೊದಲು ಪುಸ್ತಕದಂಗಡಿ, ಔಷಧಿ ಅಂಗಡಿ, ಜೆರಾಕ್ಸ್ ಅಂಗಡಿ ಎಲ್ಲ ಸುತ್ತಿ ಚಪ್ಪಲಿ ಸವೆಸಿದ್ದೆ. ಎಲ್ಲರೂ ನಗುನಗುತ್ತಲೇ ಇಲ್ಲವೆಂದು ಕೈಯಲ್ಲಾಡಿಸಿದ್ದರು.

ಕಾಲೇಜಿರುವ ಊರಲ್ಲೇ ಕೆಲಸವಿದ್ದವರಿಗೆ ಮಾತ್ರ ಬೇಸಿಗೆ ರಜೆಯಲ್ಲೂ ಹಾಸ್ಟೆಲ್ ರೂಮು. ಉಳಿದವರು ಗಂಟುಮೂಟೆ ಕಟ್ಟಬೇಕು. ನಾನು ಕಟ್ಟಿದರೆ ಮತ್ತೆ ಬಿಚ್ಚುವುದು ಮನೆಯಲ್ಲೇ. "ನಿನ್ನ ಖರ್ಚು ನೀನೇ ನೋಡ್ಕೊಳ್ಳೋದಾದ್ರೆ ಓದು. ಇಲ್ಲಾಂದ್ರೆ ಓದು ಬಿಟ್ಟು ಬಂದು ನಮ್ಮ ಅಂಗಡೀಲಿ ಕೂತ್ಕೋ" ಎಂದು ಅಣ್ಣ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ಬೀದಿಯವರೆಲ್ಲ ಕೊಡೆ ತಾತ ಎನ್ನುತ್ತಿದ್ದ ಆ ಮುದುಕರ ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಸೂರಿನ ತುಂಬ ಮಡಿಸಿದ ಕೊಡೆಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಕೆಲಸವಿದೆಯಾ ಎಂದು ಕೇಳಿದ್ದಕ್ಕೆ ತಾತ ನನ್ನ ಧೂಳು ಹಿಡಿದ ಕಾಲು ನೋಡಿದರು, ಆಮೇಲೆ ಸೂರು ನೋಡಿದರು.

"ಇದೆಯಲ್ಲ! ಇವನ್ನೆಲ್ಲ ರಿಪೇರಿ ಮಾಡಿಟ್ಟಿದೀನಿ. ಅವರವರ ಮನೆಗೆ ಮುಟ್ಟಿಸ್ಬೇಕು. ನನ್ನ ಮಂಡಿ ಮಾತು ಕೇಳಲ್ಲ."

ಅಂದು ಸಂಜೆಯೇ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹಾಸ್ಟೆಲ್ ವಾರ್ಡನ್ ಬಳಿಗೂ ಬಂದು, ನನಗೆ ಕೆಲಸ ಕೊಟ್ಟಿರುವುದಾಗಿ ಹೇಳಿದರು. ಅವರ ಮಾತಿನ ಗತ್ತು ಕೇಳಿದ್ದರೆ, ಏನೋ ದೊಡ್ಡ ಫ್ಯಾಕ್ಟರಿಯೇ ನಡೆಸುತ್ತಾರೇನೋ ಅನ್ನಬೇಕು! ರೂಮು ಉಳಿಯಿತು.

ಮರುದಿನ ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಹೊರಟೆ. ಮೊದಲ ಮನೆಯ ಟೈಲರ್ ಅಕ್ಕ ಹೌಹಾರಿದಳು.

"ಅಯ್ಯೋ, ಇದನ್ಯಾಕೆ ತಂದೆ? ಮನೇಲಿದ್ರೆ ಮಕ್ಕಳು ಮುರಿದು ಹಾಕ್ತಾರೆ. ಬೇಸಿಗೆ ಪೂರ್ತಿ ತಾತನ ಹತ್ರಾನೇ ಇರುತ್ತೆ. ಮೊದಲ ಮಳೆಗೆ ನಾವೇ ಹೋಗಿ ತರ್ತೀವಿ, ಪ್ರತಿ ವರ್ಷ ಹಾಗೇ ತಾನೇ?"

ಬಾಗಿಲು ಹಾಕುವ ಮುನ್ನ, "ಹೇಗೂ ಬಂದಿದೀಯ, ಇದನ್ನೂ ಕೊಟ್ಬಿಡು" ಎಂದು ಮೂಲೆಯಲ್ಲಿದ್ದ ಕಡ್ಡಿ ಕಿತ್ತ ಕೊಡೆಯೊಂದನ್ನು ನನ್ನ ಕೈಗೆ ತುರುಕಿದಳು. ಬೀದಿಯುದ್ದಕ್ಕೂ ಇದೇ ಕಥೆ. ರಿಟೈರಾದ ಮೇಷ್ಟ್ರಂತೂ ಬೈದೇ ಕಳಿಸಿದರು, ಜೊತೆಗೆ ಎರಡು ಮುರುಕು ಕೊಡೆಗಳನ್ನೂ ಹೊರಿಸಿದರು. ಹಂಚಲು ಹೋದವಳು ಇನ್ನಷ್ಟು ಕೊಡೆ ಹೊತ್ತುಕೊಂಡು ವಾಪಸಾದೆ.

ಅಂಗಡಿಗೆ ಬಂದವಳೇ ಕೇಳಿದೆ, "ತಾತ, ಇದು ಕೆಲಸಾನೇ ಅಲ್ಲ ಅಲ್ವಾ?"

ತಾತ ತಲೆ ಕೆರೆದುಕೊಂಡರು. "ಬೇಸಿಗೇಲಿ ನಂಗೇ ಕೆಲಸ ಇರಲ್ಲ, ಮಗಳೇ. ಆದ್ರೆ ನಿನ್ನ ಮುಖ ನೋಡಿ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಒಂದೆರಡು ದಿನ ತಳ್ಳಿದ್ರೆ ಏನಾದ್ರೂ ಹೊಳೆಯುತ್ತೆ ಅಂದ್ಕೊಂಡೆ."

ನನಗೆ ಅಳು ಬಂತು. ಕಂಕುಳಲ್ಲಿದ್ದದ್ದನ್ನೆಲ್ಲ ದಡಕ್ಕನೆ ಕೆಳಗೆ ಹಾಕಿದೆ. ತಾತ ಬಗ್ಗಿ ಒಂದನ್ನು ಎತ್ತಿ ಬಿಡಿಸಿ ನೋಡಿದರು.

"ಇದು ನಮ್ಮಲ್ಲಿದ್ದದ್ದಲ್ಲ. ಎಲ್ಲಿಂದ ಬಂತು?"

"ಟೈಲರ್ ಅಕ್ಕನ ಮನೆ ಮೂಲೆಯಿಂದ."

"ಎಲ್ಲರ ಮನೆ ಮೂಲೆಯಲ್ಲೂ ಇರುತ್ತಾ?"

ಇತ್ತು. ನಾನು ಬೀದಿ ಬೀದಿ ಸುತ್ತಿ ಮುರುಕು ಕೊಡೆ ತಂದೆ. ತಾತ ಕಡ್ಡಿ ಕೂರಿಸಿದರು, ನನಗೆ ಕೊಡೆಯ ಹರಿದ ಬಟ್ಟೆ ಹೊಲಿಯಲು ಕಲಿಸಿದರು. ಬೇಸಿಗೆಯೆಲ್ಲ ಇಬ್ಬರಿಗೂ ಕೈತುಂಬ ಕೆಲಸ, ಕೈಗೆ ಒಂದಿಷ್ಟು ಕಾಸು. ಅಣ್ಣನ ಎದುರು ಕೈಯೊಡ್ಡದೆ ನನ್ನ ಓದು ಉಳಿಯಿತು. ಆ ಋಣ ನಾನು ತೀರಿಸಲಾರೆ, ತೀರಿಸುವ ಮನಸ್ಸೂ ಇಲ್ಲ.

ಮೊದಲ ಮಳೆಗೆ ಬೀದಿಗೆ ಬೀದಿಯೇ ಅಂಗಡಿಗೆ ನುಗ್ಗಿತು. ಸಂಜೆಯ ಹೊತ್ತಿಗೆ ಸೂರು ಬರಿದಾಗಿತ್ತು. ಕಾಲೇಜು ಶುರುವಾಗುವುದರಲ್ಲಿತ್ತು, ನಾನು ಹೊರಟು ನಿಂತೆ.

"ಮುಂದಿನ ಬೇಸಿಗೆಗೂ ಬಂದ್ಬಿಡು, ಕೆಲಸ ಇದೆ" ಎಂದರು ತಾತ.

"ಮುರುಕು ಕೊಡೆಗಳೆಲ್ಲ ಮುಗಿದ್ವಲ್ಲ ತಾತ, ಇನ್ನೇನು ಕೆಲಸ?"

"ನೀನು ಬಾ. ಅಷ್ಟರಲ್ಲಿ ಯೋಚ್ನೆ ಮಾಡಿರ್ತೀನಿ."