ಹುರುಳಿ ಹಾಸಿದ ದಾರಿಯಲ್ಲಿ ಅತ್ತೆ ಮತ್ತು ನಾನು

ಕಳೆದ ಗುರುವಾರದ ಬೆಳಗೂ ಎಲ್ಲ ಬೆಳಗಿನ ಹಾಗೇ ಶುರುವಾಯಿತು. ಹಾಲಿನವನು ಬಂದು ಹೋದ. ನಮ್ಮತ್ತೆ ಕಾಫಿ ಲೋಟಕ್ಕೆ ಸೆರಗು ಸುತ್ತಿ ಹಿಡಿದುಕೊಂಡು ಜಗುಲಿಯಲ್ಲಿ ಕೂತರು. ನಾನು ರಂಗೋಲಿ ಮುಗಿಸಿ, ಹಳೇ ಬನಿಯನ್ ಚೂರು ತಂದು ಬೈಕ್ ಒರೆಸತೊಡಗಿದೆ.

(ಹೌದು, ಬೈಕ್. ಮೊಪೆಡ್ ಅಲ್ಲ. ಗೇರ್ ಇರುವ, ಕಿಕ್ ಹೊಡೆದರೆ ಪಕ್ಕದ ಬೀದಿಯ ಕೋಳಿಗಳೂ ಎಚ್ಚರವಾಗುವ ಮೋಟರ್ ಸೈಕಲ್.)

ಅದು ನಮ್ಮೆಜಮಾನರದು. ಆಫೀಸಿನವರು ಅವರನ್ನು ಟ್ರೇನಿಂಗ್ ಅಂತ ಬೆಂಗಳೂರಿಗೆ ಕಳಿಸಿದಾಗ, "ಸುಮ್ನೆ ನಿಂತ್ರೆ ಬ್ಯಾಟರಿ ಹೋಗುತ್ತೆ, ಆಗಾಗ ಸ್ಟಾರ್ಟ್ ಮಾಡ್ತಿರು" ಅಂದು ಹೋದರು. ಸ್ಟಾರ್ಟ್ ಮಾಡಿದೆ. ಆಮೇಲೆ ಗೇಟಿನ ತನಕ ಬಿಟ್ಟೆ. ಆಮೇಲೆ ಸ್ಕೂಲ್ ಫೀಲ್ಡಿನಲ್ಲಿ ನಾಲ್ಕು ಸುತ್ತು. ಆಮೇಲೆ ಲೈಸೆನ್ಸೇ ಮಾಡಿಸಿಬಿಟ್ಟೆ. ಬ್ಯಾಟರಿ ಈಗ ಆರೋಗ್ಯವಾಗಿದೆ.

ಪಾಂಡವಪುರದಲ್ಲಿ ಮದುವೆಯಾದ ಹೆಂಗಸು ಚೂಡಿದಾರ ಹಾಕುವುದೇ ಒಂದು ಸುದ್ದಿ. ಚೂಡಿದಾರ ಹಾಕಿ ಬೈಕೂ ಓಡಿಸಿದರೆ? ಬೀದಿಯ ಕಿಟಕಿಗಳಿಗೆ ಒಂದು ತಿಂಗಳು ಕೆಲಸ ಸಿಕ್ಕಿತ್ತು. ಅತ್ತೆ ಮಾತ್ರ ಕೂಗಾಡಲಿಲ್ಲ. ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಲ್ಲಿ ಹುಟ್ಟಿ ಬೆಳೆದವರು. ಅವರದು ಕೂಗಾಟವಲ್ಲ, ಕರಾರು.

"ಓಡ್ಸು ಕಣವ್ವ, ಬ್ಯಾಡ ಅನ್ನಾಕಿಲ್ಲ. ಒಂದೇ ಒಂದ್ ಸಲ ಬಿದ್ದೆ ಅನ್ನು, ಅವತ್ತಿಂದ ಬೀಗದ ಕೈ ನನ್ ಸೊಂಟ್ದಲ್ಲಿ."

ಉಗ್ರಾಣದ ಬೀಗದ ಕೈ ಇಪ್ಪತ್ತು ವರ್ಷದಿಂದ ಆ ಸೊಂಟದಲ್ಲೇ ಇದೆ. ಅಲ್ಲಿಗೆ ಹೋದದ್ದು ಹೊರಗೆ ಬರುವುದಿಲ್ಲ.

ನನಗೆ ಬೈಕಿನ ಕೀಲಿ ಎಂದರೆ ಬರೀ ತರಕಾರಿ ತರುವುದಲ್ಲ. ಶ್ರೀರಂಗಪಟ್ಟಣದಲ್ಲಿರುವ ನನ್ನ ತಾಯಿಯನ್ನು ಮಧ್ಯಾಹ್ನ ನೋಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದುಬಿಡುವುದು. ಅದಕ್ಕೆ ಮೊದಲು ಯಾರಾದರೂ ಕರೆದುಕೊಂಡು ಹೋಗಲಿ ಅಂತ ಕಾಯಬೇಕಿತ್ತು. ಕಾದು ಕಾದು ಹಬ್ಬ ಬರುತ್ತಿತ್ತು. ಈಗ ಮನಸ್ಸು ಬಂದರೆ ಸಾಕು. ಹಾಗಾಗಿ ನಾನು ಬೀಳುವ ಹಾಗಿಲ್ಲ. ಅರ್ಥವಾಯಿತಲ್ಲ?

ಸರಿ, ಗುರುವಾರಕ್ಕೆ ಬರೋಣ. ಅವತ್ತು ಬಿಂಡಿಗನವಿಲೆಯಲ್ಲಿ ಅತ್ತೆಯ ಅಕ್ಕನ ಮೊಮ್ಮಗುವಿಗೆ ತೊಟ್ಟಿಲ ಶಾಸ್ತ್ರ. ಅತ್ತೆ ತಾವೇ ಹೊಲಿದ ಕೆಂಪು ಕುಲಾವಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಬಸ್ಸು ಬರಲಿಲ್ಲ. ಇನ್ನೊಂದು ಬಂತು, ಕಾಲಿಡಲು ಜಾಗವಿರಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು ವಾಪಸ್ ಬಂದವರು, ಒಂದು ಗಳಿಗೆ ಬೈಕನ್ನೇ ನೋಡಿದರು.

"ಇದು ಅಲ್ಲೀಗಂಟ ಓಯ್ತದಾ?"

"ಬೈಕು ಹೋಗುತ್ತೆ ಅತ್ತೆ. ನೀವು ಬರ್ತೀರಾ?"

"ಕೂಸು ಕಾಯ್ತದಾ? ನಡಿ."

ನಾನು ಅವರ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದೆ. ನೆರಿಗೆ ಚಕ್ರದ ಕಡೆ ಜಾರದ ಹಾಗೆ ಮಡಿಲಿನಲ್ಲಿ ಬ್ಯಾಗ್ ಇಟ್ಟೆ. ಯಜಮಾನರ ಹೆಲ್ಮೆಟ್ ನನಗೆ ದೊಡ್ಡದು. ಒಳಗೆ ಕರ್ಚೀಫ್ ಮಡಿಸಿಟ್ಟು ಹಾಕಿಕೊಳ್ಳುತ್ತೇನೆ. ಸ್ಟ್ಯಾಂಡ್ ಎತ್ತಿದೆನೇ ಅಂತ ಬಗ್ಗಿ ನೋಡಿದೆ. ಆದರೂ ಸರ್ಕಲ್ಲಿನ ಟೀ ಅಂಗಡಿಯಿಂದ, "ಸ್ಟ್ಯಾಂಡು ಕಣಮ್ಮೋ, ಸ್ಟ್ಯಾಂಡು!" ಅಂತ ಕೂಗು ಬಂತು. (ಗಂಡಸಿಗೆ ಸ್ಟ್ಯಾಂಡ್ ಇಳಿದಿದ್ದರೆ ಮಾತ್ರ ಕೂಗುತ್ತಾರೆ. ನನಗೆ ಎತ್ತಿದ್ದರೂ ಕೂಗುತ್ತಾರೆ.) ನಾನು ಮತ್ತೊಮ್ಮೆ ಬಗ್ಗಿ ನೋಡಿದೆ. ನೋಡುವುದರಲ್ಲಿ ಏನು ಖರ್ಚು?

ಕಬ್ಬು ಅರೆಯುವ ಕಾಲ. ಫ್ಯಾಕ್ಟರಿ ಕಡೆಗೆ ಎತ್ತಿನ ಗಾಡಿಗಳ ಸಾಲು, ಎರಡೆರಡು ಟ್ರೇಲರ್ ಎಳೆಯುವ ಟ್ರಾಕ್ಟರುಗಳು. ಪಕ್ಕಕ್ಕೆ ಚಾಚಿಕೊಂಡ ಕಬ್ಬಿನ ಗರಿ ಸರಿಯಾಗಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಡ್ರೈವರ್ ಕೈ ಬೀಸಿ "ಬಾ ಬಾ" ಅನ್ನುತ್ತಾನೆ. ನಾನು ಕೈ ನೋಡುವುದಿಲ್ಲ, ಟ್ರಾಕ್ಟರಿನ ಮುಂದಿನ ಚಕ್ರ ನೋಡುತ್ತೇನೆ. ಕೈ ಹೇಳಿದ್ದನ್ನು ಚಕ್ರ ಎಷ್ಟೋ ಸಲ ಕೇಳುವುದಿಲ್ಲ.

ನಮ್ಮ ಕಾನ್ವೆಂಟಿನಲ್ಲಿ ಮೆಟ್ಟಿಲಿಳಿಯುವಾಗ ಸಿಸ್ಟರ್ ಒಬ್ಬರು ಹೇಳುತ್ತಿದ್ದರು: ಕಾಲಿಗಿಂತ ಮುಂಚೆ ಕಣ್ಣು ಹೋಗಬೇಕು. ಆಗ ನಗು ಬರುತ್ತಿತ್ತು. ಈಗ ಹ್ಯಾಂಡಲ್ ಹಿಡಿದಾಗಲೆಲ್ಲ ಆ ಬಿಳೀ ಗೌನು ನೆನಪಾಗುತ್ತದೆ.

ಅತ್ತೆ ಒಂದು ಕಡೆಗೆ ಕಾಲು ಬಿಟ್ಟು ಕೂತಿದ್ದರು. ಜಕ್ಕನಹಳ್ಳಿ ದಾಟುವ ಹೊತ್ತಿಗೆ ವರದಿ ಶುರುವಾಯಿತು.

"ನಾಯಿ ಬತ್ತಾ ಅದೆ."

"ನೋಡ್ದೆ ಅತ್ತೆ."

"ಕುರಿಮಂದೆ."

"ನೋಡ್ದೆ."

"ಆ ಸೈಕಲ್ನೋನು ಹಿಂದಕ್ ನೋಡ್ದೇ ತಿರುಗ್ತಾನೆ ನೋಡು ಈಗ."

ತಿರುಗಿಯೇ ಬಿಟ್ಟ! ನಾನು ಅಷ್ಟರಲ್ಲಿ ಬ್ರೇಕಿನ ಮೇಲೆ ಕಾಲಿಟ್ಟಿದ್ದೆ ನಿಜ. ಆದರೂ ಹೇಳುತ್ತೇನೆ: ಸಾರಿನಲ್ಲಿ ಉಪ್ಪು ಒಂದು ಹರಳು ಕಮ್ಮಿಯಾದರೂ ಕಂಡುಹಿಡಿಯುವ ಆ ಕಣ್ಣನ್ನು ಮನೆಯೊಳಗೆ ಇಷ್ಟು ವರ್ಷ ವೇಸ್ಟ್ ಮಾಡಿದ್ದೇವೆ.

ನಾಗಮಂಗಲ ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಕಾಣದಾಯಿತು. ಅಡ್ಡಡ್ಡಲಾಗಿ ಹುರುಳಿ (ಅಲ್ಲಿಯವರ ಬಾಯಲ್ಲಿ ಉಳ್ಳಿ) ಗಿಡ ಹಾಸಿದ್ದರು. ನಮ್ಮ ಕಡೆ ಇದು ಗೊತ್ತಿದ್ದದ್ದೇ. ಒಣಗಿದ ಗಿಡವನ್ನು ಟಾರಿನ ಮೇಲೆ ಹರವಿದರೆ ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಕಣವೂ ಬೇಡ, ಎತ್ತೂ ಬೇಡ. ಮೊರ ಹಿಡಿದು ಬದಿಯಲ್ಲಿ ನಿಂತಿದ್ದ ಹೆಂಗಸರು ನಗುನಗುತ್ತಾ ಕರೆದರು.

"ಮ್ಯಾಲೇ ಬುಡವ್ವ ಗಾಡಿಯ! ಉಳ್ಳಿ ಉದುರ್ಲಿ!"

ನಾನು ನಿಧಾನ ಮಾಡಿದೆ. ಗಿಡದ ಅಡಿಯಲ್ಲಿ ಕಾಳು ಮಿನುಗುತ್ತಿತ್ತು. ನುಣ್ಣಗೆ, ಗುಂಡಗೆ, ಸಾವಿರಾರು. ನಾಲ್ಕು ಚಕ್ರದವರಿಗೆ ಅದು ಹುರುಳಿ. ಎರಡು ಚಕ್ರದವರಿಗೆ?

ಹಿಂದಿನಿಂದ ಅತ್ತೆ ಬೆನ್ನು ತಟ್ಟಿದರು. "ಓಗು ಓಗು, ಮ್ಯಾಲೇ ಓಗು. ತಪ್ಪುಸ್ಕೊಂಡ್ ಓದ್ರೆ ನಮ್ಮೂರ್ ಕಡೆಯೋರು ಏನಂದ್ಕಂಡಾರು?"

ಅವರ ತವರಿನ ಸೀಮೆ. ಅಲ್ಲಿ ಹಾಸಿದ ಹುರುಳಿಯನ್ನು ತುಳಿಯದೆ ಹೋಗುವುದೆಂದರೆ ಊಟಕ್ಕೆ ಕರೆದಾಗ ಮುಖ ತಿರುಗಿಸಿದ ಹಾಗೆ. ಅತ್ತೆಯ ಮಾತಿಗೆ ನಾನು ಇವತ್ತಿನ ತನಕ ಎದುರಾಡಿದವಳಲ್ಲ. ಬೀಳುವ ಹಾಗೂ ಇಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ!

ಬೈಕ್ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿದೆ.

"ಇಳೀರಿ ಅತ್ತೆ. ನಾನು ಬದಿಯಲ್ಲಿ ತಳ್ಕೊಂಡು ಬರ್ತೀನಿ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅತ್ತೆ ಇಳಿದರು. ಇಳಿದ ರೀತಿಯಲ್ಲೇ ಕೋಪ ಇತ್ತು.

"ಅಯ್ ಇವ್ಳ! ಗಾಡಿ ತಂದು ತಳ್ಕೊಂಡ್ ಓಯ್ತಾವ್ಳಲ್ಲೇ!" ಮೊರದ ಹೆಂಗಸೊಬ್ಬಳು ಕಿಸಕ್ಕೆಂದಳು. "ಪೆಟ್ರೋಲ್ ಉಳ್ಸಕಾ ಅಕ್ಕ?"

ನಾನು ಮಣ್ಣಿನ ಬದಿಯಲ್ಲಿ ತಳ್ಳತೊಡಗಿದೆ. ಕಿವಿ ಬಿಸಿಯಾಗಿತ್ತು. ಅತ್ತೆ, ತಾವಾದರೂ ಮರ್ಯಾದೆ ಉಳಿಸೋಣವೆಂಬಂತೆ, ಹುರುಳಿಯ ಮೇಲೇ ನಡೆದರು. ನಾಲ್ಕು ಹೆಜ್ಜೆ ಇಟ್ಟಿರಬಹುದು. ಹವಾಯಿ ಚಪ್ಪಲಿ ಸರ್ರನೆ ಜಾರಿತು. "ಅಯ್ಯಪ್ಪಾ!" ಎಂದು ಕೈ ಚಾಚಿದವರಿಗೆ ಬೈಕಿನ ಕ್ಯಾರಿಯರ್ ಸಿಕ್ಕಿತು. ನಾನು ಪೂರ್ತಿ ಭಾರ ಹಾಕಿ ಬೈಕನ್ನು ಹಿಡಿದು ನಿಂತೆ.

ಅತ್ತೆ ಬೀಳಲಿಲ್ಲ. ಬೈಕೂ ಬೀಳಲಿಲ್ಲ.

ಅವರು ನೆಟ್ಟಗಾಗಿ, ಚಪ್ಪಲಿಯ ಅಡಿಗೆ ಅಂಟಿದ ಕಾಳನ್ನು ತೆಗೆದು ನೋಡಿದರು. ಆಮೇಲೆ ಚಕ್ರವನ್ನು ನೋಡಿದರು. ಆಮೇಲೆ ನನ್ನನ್ನು. ಸೀದಾ ಆ ಹೆಂಗಸರ ಹತ್ತಿರ ಹೋದರು.

"ಏ ಬನ್ರವ್ವ ಇಲ್ಲಿ. ಬಸ್ಸು ಕಾರ್ನೋರ್ನ ಕರೀರಿ. ಟ್ರಾಕ್ಟರ್ನ ಕರೀರಿ. ಎಲ್ಡು ಚಕ್ರದೋರ್ನ ಕರೀಬ್ಯಾಡಿ. ಬದೀಲಿ ಒಂದ್ ಮಾರು ದಾರಿ ಬುಡಿ ಅವ್ರಿಗೆ. ಬಿದ್ದು ಸೊಂಟ ಮುರ್ಕೊಂಡ್ರೆ ನೀವ್ ಉಳ್ಳಿ ಸಾರ್ ಕಾಯ್ಸಿ ಕೊಟ್ಟೀರಾ?"

"ಇಲ್ಲೀಗಂಟ ಬಂದು ತಪ್ಪುಸ್ಕೊಂಡ್ ಓಯ್ತಾ ಇದೀರಲ್ಲ ಅಜ್ಜಿ!"

"ನನ್ ಸೊಸೆ ಕಣ್ಣಿಟ್ಕೊಂಡ್ ಓಡುಸ್ತಾಳೆ ಕಣ್ರೇ. ಕಣ್ಮುಚ್ಕೊಂಡ್ ಓಡ್ಸೋಳಲ್ಲ."

ನಾನು ಕೇಳಿಸಿಕೊಂಡೆನೇ? ಹೆಲ್ಮೆಟ್ಟಿನೊಳಗೂ ಕೇಳಿಸಿಕೊಂಡೆ. ಹನ್ನೊಂದು ವರ್ಷದ ಸಂಸಾರದಲ್ಲಿ ನನ್ನ ಬಗ್ಗೆ ಬೇರೆಯವರ ಮುಂದೆ ಅವರು ಆಡಿದ ಮೊದಲ ಒಳ್ಳೆಯ ಮಾತು, ಅದೂ ಗುರುತಿಲ್ಲದವರ ಮುಂದೆ, ನಡುರಸ್ತೆಯಲ್ಲಿ.

"ಅಂಗಾರೆ ನೀನೇ ತುಳ್ದುಕೊಟ್ಟೋಗು ಅಜ್ಜಿ!" ಅಂದಳು ಆ ಕಿಸಕ್ಕನೆ ನಕ್ಕವಳು.

ತವರಿನವರು ಕೇಳಿದರೆ ಇಲ್ಲ ಅನ್ನಲಾದೀತೇ? ಅತ್ತೆ ಚಪ್ಪಲಿ ಬಿಟ್ಟರು. ಸೀರೆ ಎತ್ತಿ ಸಿಕ್ಕಿಸಿದರು. ಒಬ್ಬಳ ಭುಜ ಹಿಡಿದುಕೊಂಡು ಒಂದು ಮೂಲೆಯ ಹುರುಳಿಯನ್ನು ಪಟಪಟ ತುಳಿದೇ ತುಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ಕಡೆಯ ಮರ್ಯಾದೆಯೂ ಉಳಿಯಿತು.

ತೊಟ್ಟಿಲು ತೂಗುವ ಮೊದಲೇ ಹೋಗಿ ಮುಟ್ಟಿದೆವು. ಕೆಂಪು ಕುಲಾವಿ ಕೂಸಿನ ಕಣ್ಣಿನ ತನಕ ಇಳಿಯಿತು. (ಅಳತೆ ತಪ್ಪಿತ್ತು. ನಾನು ಗಮನಿಸಿದೆ, ಹೇಳಲಿಲ್ಲ.) ವಾಪಸ್ ಬರುವಾಗ ಆ ಜಾಗದಲ್ಲಿ ನೋಡಿದರೆ, ರಸ್ತೆಯ ಎಡಬದಿಯಲ್ಲಿ ಒಂದು ಮಾರು ಗುಡಿಸಿ ಖಾಲಿ ಬಿಟ್ಟಿದ್ದರು. ನಾವು ಅದರಲ್ಲೇ ಹಾದು ಬಂದೆವು. ಅತ್ತೆ ವರದಿ ಕೊಡಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು ಕೂತಿದ್ದರು.

ಹೊತ್ತು ಮುಳುಗುವ ಮೊದಲು ಮನೆ. ಬೈಕ್ ನಿಲ್ಲಿಸುತ್ತಿದ್ದಂತೆ ಅತ್ತೆ ಕೈ ಚಾಚಿದರು.

"ಬೀಗದ ಕೈ ಕೊಡು."

ನಾನು ಬಿದ್ದಿರಲಿಲ್ಲವಲ್ಲ? ಕೊಟ್ಟೆ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಲಿಲ್ಲ. ಒಳಗೆ ಹೋಗಿ, ದೇವರ ಕೋಣೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಒಂದು ಚಿಟಿಕೆ ಕುಂಕುಮ ಇಟ್ಟರು. "ನಾಳಿಕ್ ನಿಮ್ಮಮ್ಮನ್ನ ನೋಡ್ಕೊಂಡ್ ಬಾ" ಅಂದರು.

ಆಮೇಲೆ ಜಗುಲಿಗೆ ಬಂದು, ಪಕ್ಕದ ಮನೆಯ ಸಾಕಮ್ಮನನ್ನು ಕರೆದು ಕೂರಿಸಿಕೊಂಡು ಶುರುಮಾಡಿದರು. ಟ್ರಾಕ್ಟರು, ಸೈಕಲ್ಲಿನವನು, ಕುರಿಮಂದೆ, ಹುರುಳಿ, ಸೊಸೆ ಇಂಜಿನ್ ಆಫ್ ಮಾಡಿದ್ದು, ಎಲ್ಲ. ಒಳಗೆ ಕಾಫಿ ಸೋಸುತ್ತಿದ್ದ ನಾನು ಉಬ್ಬಿ ನಿಂತಿದ್ದೆ.

ಸಾಕಮ್ಮ ಅವರೆಕಾಳು ಹಿತುಕುತ್ತಲೇ ಪೂರ್ತಿ ಕೇಳಿದರು. ಸಿಪ್ಪೆಯನ್ನು ಒದರಿ ಎದ್ದರು.

"ಅಂದ್ರೆ ಏನೂ ಆಗ್ನಿಲ್ಲ ಅನ್ನಿ! ನಾನೇನೋ ಆಗ್ಯದೆ ಅನ್ಕಂಡ್ ಕೂತ್ಕಂಡೆ."