ಹಣೆಯ ಉಪ್ಪು

ನಿನ್ನೆ ಸಂಜೆ ಚನ್ನಗಿರಿಯ ನಮ್ಮ ಬಾಡಿಗೆ ಮನೆಗೆ ಕೆಳಗಿನಿಂದ ಮೆಣಸಿನಕಾಯಿ ಸುಟ್ಟ ಘಾಟು ಬಂತು. ಯಾರೋ ಕೂಸಿಗೆ ದೃಷ್ಟಿ ತೆಗೆಯುತ್ತಿದ್ದರು. ಕೆಮ್ಮುವ ಮೊದಲೇ ನನ್ನ ಕಣ್ಣಲ್ಲಿ ನೀರು. ಮೊದಲು ನಾನಿದ್ದ ನ್ಯಾಮತಿಯ ಪಕ್ಕದ ಮನೆ ಅಕ್ಕ ನೆನಪಾದರು...

ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ನಾನು ಅಲ್ಲಿಂದ ದಿನಾ ಬಸ್ಸು ಹಿಡಿದು ಹೊನ್ನಾಳಿಯ ಕಾಲೇಜಿಗೆ ಜೀವಶಾಸ್ತ್ರ ಪಾಠ ಮಾಡಲು ಹೋಗುತ್ತಿದ್ದೆ. ಅವರ ಮಗಳಿಗೆ ಆಗ ಮೂರು ವರ್ಷ. ಎಷ್ಟು ತಿಂದರೂ ಮೈ ಹತ್ತುತ್ತಿರಲಿಲ್ಲ, ಕೆಮ್ಮಂತೂ ಬಿಡುತ್ತಲೇ ಇರಲಿಲ್ಲ. ನಮ್ಮ ಕಡೆ ಕೂಸು ಸೊರಗಿದರೆ ಹಣೆ ನೆಕ್ಕಿ ನೋಡುತ್ತಾರೆ; ಉಪ್ಪುಪ್ಪಾಗಿದ್ದರೆ ದೃಷ್ಟಿಯಾಗಿದೆ ಎಂದೇ ಅರ್ಥ. ಆ ಮಗುವಿನ ಹಣೆ ದಿನವೂ ಉಪ್ಪು. ಅಕ್ಕ ದಿನವೂ ಉಪ್ಪು ಮೆಣಸಿನಕಾಯಿ ನೀವಾಳಿಸಿ ಕೆಂಡಕ್ಕೆ ಹಾಕುತ್ತಿದ್ದರು.

"ನೀವೂ ಒಂದ್ಸಲ ನೋಡ್ರಿ ಮೇಡಂ, ಉಪ್ಪಿನಕಾಯಿ ಭರಣಿ ನೆಕ್ಕಿದಂಗೈತೆ" ಅಂದರು ಒಮ್ಮೆ. ನೋಡಿದೆ. ನಿಜವಾಗಿಯೂ ಉಪ್ಪು. ಈ ಬೀದಿಯವರ ಕಣ್ಣೇ ಕೆಟ್ಟದ್ದು ಅಕ್ಕಾ ಎಂದು ನಗೆಯಾಡಿ ಎದ್ದು ಬಂದೆ.

ಅದೇ ವಾರ ತರಗತಿಯಲ್ಲಿ ಬೋರ್ಡಿನ ತುಂಬ ಬಾಣ ಬರೆದು ಹುಟ್ಟಿನಿಂದಲೇ ಬರುವ ಒಂದು ಕಾಯಿಲೆಯ ಪಾಠ ಮಾಡಿದ್ದೆ. ಜೀನಿನಲ್ಲಿ ಮೂರಕ್ಷರ ಬಿಟ್ಟುಹೋದರೆ ಸಾಕು, ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಜೀವಕೋಶ ಅದನ್ನು ಅಂಚಿಗೆ ಸಾಗಿಸದೆ ಒಳಗೇ ತಡೆದು ಚೂರು ಮಾಡಿಬಿಡುತ್ತದೆ. ಅಂಚಿನಲ್ಲಿ ಉಪ್ಪಿಗೆ ಬಾಗಿಲಾಗಬೇಕಿದ್ದದ್ದೇ ಅದು. ಬಾಗಿಲಿಲ್ಲದೆ ಬೆವರು ಉಪ್ಪಾಗುತ್ತದೆ, ಶ್ವಾಸಕೋಶದಲ್ಲಿ ಕಫ ಅಂಟಾಗುತ್ತದೆ... ಇಷ್ಟೆಲ್ಲ ಹೇಳಿದ ನಾಲಿಗೆಯೂ ಆ ಹಣೆ ನೆಕ್ಕಿದ ನಾಲಿಗೆಯೂ ಒಂದೇ. ಪುಸ್ತಕದ ಬದನೆಕಾಯಿ ಅನ್ನುವುದು ನನ್ನಂಥವರಿಗೇ.

ಎರಡು ವರ್ಷದ ಮೇಲೆ ದಾವಣಗೆರೆಯ ಡಾಕ್ಟರು ಅದೇ ಪಾಠ ಒಪ್ಪಿಸಿದಾಗ ಜೊತೆಯಲ್ಲಿ ನಾನಿದ್ದೆ. ಈ ಎದೆಗೆ ದಿನಾ ಮೆಣಸಿನಕಾಯಿ ಹೊಗೆ ಕುಡಿಸಿದ್ದೀರಲ್ಲಮ್ಮ ಎಂದರು. ಅಕ್ಕ ನನ್ನ ಕಡೆ ತಿರುಗಿದರು.

"ಒಳಗೆ ತಯಾರಾಗೈತೆ ಅಂತಾರೆ. ಮತ್ತೆ ಬಾಗ್ಲಿಗೆ ಬರಾಕೆ ಏನಾಗೈತೆ ಮೇಡಂ ಅದಕ್ಕೆ?"

ಉತ್ತರ ಗೊತ್ತಿತ್ತು; ನಾನು ಮಗುವಿನ ಸ್ವೆಟರಿನ ಗುಂಡಿ ಹಾಕತೊಡಗಿದೆ. ಆ ಪ್ರೋಟೀನನ್ನು ಬಾಗಿಲಿಗೆ ತಲುಪಿಸುವ ಮದ್ದು ಹೊರದೇಶಗಳಲ್ಲಿತ್ತಂತೆ. ನಮ್ಮ ಕೈಗೆ ಎಟುಕಲಿಲ್ಲ.

ಆರು ತುಂಬುವ ಮೊದಲೇ ಮಗು ಹೋಯಿತು. ಮಣ್ಣಿಗೆ ಒಯ್ಯುವ ಮುಂಚೆ ಅಕ್ಕ ಬಗ್ಗಿ ಹಣೆ ನೆಕ್ಕಿದರು. "ಇನ್ನೂ ಉಪ್ಪೈತೆ ಮೇಡಂ" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು... ಬೈಯಲಿಲ್ಲ. ಹೊಲಿಗೆ ಯಂತ್ರವನ್ನು ಅಲ್ಲೇ ಬಿಟ್ಟು ತವರು ಜಗಳೂರಿಗೆ ಹೋದರು. ಹುಡುಕಿಕೊಂಡು ಹೋಗಲು ನನಗೆ ಮುಖವಿಲ್ಲ.

ನಿನ್ನೆ ಕೆಳಗಿಳಿದು ಹೋಗಿ ಆ ಕೂಸನ್ನು ಎತ್ತಿಕೊಂಡು ಹಣೆಗೆ ತುಟಿ ಒತ್ತಿದೆ. ಉಪ್ಪಿರಲಿಲ್ಲ. ಮುತ್ತು ಕೊಟ್ಟೆನೆಂದುಕೊಂಡು ಅದರ ತಾಯಿ ನಕ್ಕಳು. ಮೇಲೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನಾಲಿಗೆಗೆ ಸಿಕ್ಕಿದ್ದನ್ನು ಆ ದಿನವೇ ಹೇಳಿದ್ದಿದ್ದರೆ ಮಗು ಉಳಿಯುತ್ತಿರಲಿಲ್ಲವೇನೋ; ಎರಡು ವರ್ಷದ ಹೊಗೆಯಾದರೂ ತಪ್ಪುತ್ತಿತ್ತು.