ಅನುಭವವಿಲ್ಲದ ಗ್ಯಾಂಗ್‌ಮನ್

ಪರ್ಸ್ ಹ್ಯಾಲೆಟ್ ಯುದ್ಧ ಮುಗಿಸಿಕೊಂಡು ವಾರಂಬಿಗೆ ಮರಳಿದಾಗ, ಅವನು ಕೋಟು ತೊಟ್ಟಿದ್ದನೋ ಕೋಟೇ ಅವನನ್ನು ತೊಟ್ಟಿತ್ತೋ ಹೇಳುವುದು ಕಷ್ಟವಿತ್ತು. ಸಿಂಗಪುರದಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು ಶರಣಾದದ್ದರಿಂದ ಅವನೂ ಶರಣಾಗಿದ್ದ. ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಜಪಾನಿಯರು ಅವನನ್ನು ಬರ್ಮಾ ದಾರಿಯ ಕಾಡಿಗೆ ಅಟ್ಟಿ, ಹಿಡಿ ಅನ್ನ ಹಾಕಿ ರೈಲು ಹಳಿ ಹಾಕಿಸಿದರು.

ಊರಿನ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಅವನಿಗೆ ಬಾಗಿಲ ಪಕ್ಕದ ಕುರ್ಚಿ ಸಿಕ್ಕಿತು. ಕ್ಲಬ್ಬಿನ ಅಧ್ಯಕ್ಷ ಹ್ಯಾಡ್ರಿಕ್ ಇಡೀ ಯುದ್ಧವನ್ನು ಮೆಲ್ಬರ್ನಿನಲ್ಲಿ ಸೈನ್ಯದ ಬೂಟಿನ ಗೋದಾಮಿನಲ್ಲಿ ನಿಂತು ಎದುರಿಸಿದವನು. ಯುದ್ಧ ಮಾಡುವುದು ಹೇಗೆಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನೂ ಅವನೇ. ಪರ್ಸ್ ಎದುರಿಗಿದ್ದರೆ ‘ನಮ್ಮ ವೀರ’ ಎನ್ನುತ್ತಿದ್ದ, ಇಲ್ಲದಿದ್ದರೆ ‘ಕೈ ಎತ್ತಿದವನು’ ಎನ್ನುತ್ತಿದ್ದ.

ಪರ್ಸನ ಹೆಂಡತಿ ಡಲ್ಸಿಗೆ ಅದರ ಚಿಂತೆ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ನಾಲ್ಕು ಗೋಡೆ. ಗಂಡ ಹೆಂಡತಿ ಅವಳ ಅಕ್ಕನ ಮನೆಯ ಹಿಂದಿನ ಜಗಲಿಯಲ್ಲಿ, ಗೋಣಿತಟ್ಟಿನ ಪರದೆಯ ಮರೆಯಲ್ಲಿ ಮಲಗುತ್ತಿದ್ದರು. ಮಂಚ ಕಿರುಗುಟ್ಟಿದಾಗಲೆಲ್ಲ ಒಳಗಿನಿಂದ ಭಾವ ಕೆಮ್ಮುತ್ತಿದ್ದ. ಹೀಗಿರುವಾಗ ವಾರಂಬಿ ಸ್ಟೇಷನ್ನಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಕೆಲಸ ಖಾಲಿ ಇದೆ, ಜೊತೆಗೆ ಕ್ವಾರ್ಟರ್ಸೂ ಉಂಟು ಎಂಬ ಸುದ್ದಿ ಬಂತು. ತಗಡಿನ ಮಾಡು, ಎರಡು ಕೋಣೆ, ಮಳೆನೀರಿನ ತೊಟ್ಟಿ. ಡಲ್ಸಿ ಅವನ ಅಂಗಿಗೆ ಎರಡೆರಡು ಸಲ ಇಸ್ತ್ರಿ ಮಾಡಿದಳು.

ಸಂದರ್ಶನ ನಡೆದದ್ದು ಸ್ಟೇಷನ್ನಿನ ಸಾಮಾನು ಕೋಣೆಯಲ್ಲಿ. ಸೆಕೆಗೆ ಕಿಟಕಿ ತೆರೆದಿಟ್ಟಿದ್ದರು. ಕಿಟಕಿಯ ಕೆಳಗಿನ ಬೆಂಚಿನಲ್ಲಿ ಡಲ್ಸಿ ಕುಳಿತಿದ್ದಳು. ಒಳಗೆ ಪಟ್ಟಣದಿಂದ ಬಂದ ಇನ್‌ಸ್ಪೆಕ್ಟರ್ ಪಾಸ್ಕೋ, ಅವರ ಪಕ್ಕದಲ್ಲಿ ಊರ ಹಿರಿಯನೆಂಬ ಲೆಕ್ಕದಲ್ಲಿ ಹ್ಯಾಡ್ರಿಕ್.

ರೈಲ್ವೆ ಕೆಲಸ ಗೊತ್ತೇ ಎಂದು ಪಾಸ್ಕೋ ವಿಚಾರಿಸಿದರು. ಗೊತ್ತು, ಬರ್ಮಾ ದಾರಿಯಲ್ಲಿ ಹಳಿ ಹಾಕಿದ್ದೇನೆ ಎಂದ ಪರ್ಸ್. ಯಾವ ಇಲಾಖೆಯ ಕೆಳಗೆ ಎಂದರು. ಅವನು ಸ್ವಲ್ಪ ಯೋಚಿಸಿ, ಜಪಾನಿನ ಸೈನ್ಯದ ಕೆಳಗೆ ಎಂದ.

ಪಾಸ್ಕೋ ಪೆನ್ನು ಕೆಳಗಿಟ್ಟರು. “ಚೆನ್ನಾಗಿ ಹಾಕಿದ್ಯೋ, ಕೆಟ್ಟದಾಗಿ ಹಾಕಿದ್ಯೋ?”

ಹೊರಗೆ ಡಲ್ಸಿ ಲೆಕ್ಕ ಹಾಕಿದಳು. ಚೆನ್ನಾಗಿ ಎಂದರೆ ವೈರಿಗೆ ಸಹಾಯ ಮಾಡಿದ ಹಾಗೆ. ಕೆಟ್ಟದಾಗಿ ಎಂದರೆ ಅಂಥ ಕೆಲಸಗಾರನ ಕೈಗೆ ಸುತ್ತಿಗೆ ಕೊಡುವವರು ಯಾರು?

ಹ್ಯಾಡ್ರಿಕ್ ಗಂಟಲು ಸರಿಮಾಡಿಕೊಂಡ. “ಕೆಡಿಸ್ದೆ ಅಂತ ಹೇಳು ಮಾರಾಯ. ವೈರಿ ಹಳಿ ಕೆಡಿಸಿದೋನಿಗೆ ಮನೆ ಇಲ್ಲ ಅನ್ನೋಕಾಗುತ್ತಾ? ಮುಂದಿನ ಶನಿವಾರ ಕ್ಲಬ್ಬಲ್ಲಿ ನಾನೇ ಭಾಷಣ ಮಾಡ್ತೀನಿ.”

ಡಲ್ಸಿ ಗೋಡೆಯ ಕಡೆ ತಿರುಗಿ ಹೌದೆಂದು ಜೋರಾಗಿ ತಲೆಯಾಡಿಸಿದಳು.

“ಮೊದ್ಲು ಕೆಡಿಸ್ದೆ, ಸಾರ್,” ಎಂದ ಪರ್ಸ್. “ಕಾವಲಿನೋನು ಆ ಕಡೆ ತಿರುಗಿದ್ರೆ ಹಳಿ ಕೆಳಗೆ ಕೊಳೆತ ದಿಮ್ಮಿ ಹುಡುಕಿ ಮೊಳೆ ಹೊಡೀತಿದ್ದೆ. ಆಮೇಲೆ ನಮ್ಮ ಕಾಯಿಲೆಯೋರನ್ನೇ ಆ ಹಳಿ ಮೇಲೆ ಸಾಗಿಸೋಕೆ ಶುರುಮಾಡಿದ್ರು. ಬ್ಲೂಯಿನೂ ಅದ್ರಲ್ಲಿದ್ದ. ಹೋಗಿ ಎಲ್ಲಾ ಬಿಗಿ ಮಾಡ್ದೆ.”

ಬ್ಲೂಯಿ ಎಂದರೆ ಅದೇ ಊರಿನ ಬೇಕರಿಯವರ ಮಗ. ಅವನ ಕೂದಲು ಕೆಂಪಗಿತ್ತು. ಕೆಂಪು ಕೂದಲಿನವನನ್ನು ‘ಬ್ಲೂಯಿ’, ಅಂದರೆ ‘ನೀಲಿ’, ಎಂದು ಕರೆಯುವುದು ಅಲ್ಲಿಯ ರೂಢಿ. ಕೆಂಪನ್ನೇ ನೀಲಿ ಎನ್ನುವ ಊರಾದ್ದರಿಂದ ಮುಂದೆ ನಡೆದದ್ದೂ ಯಾರಿಗೂ ವಿಚಿತ್ರವೆನ್ನಿಸಲಿಲ್ಲ.

ಪರ್ಸನನ್ನು ಹೊರಗೆ ಕಳಿಸಿ ಇಬ್ಬರೂ ಚಹಾ ತರಿಸಿಕೊಂಡರು. ಡಲ್ಸಿ ಮಾಡಿ ತಂದಿದ್ದ ಜಾಮ್ ತುಂಬಿದ ಬನ್ನುಗಳು ಮುಗಿಯುವವರೆಗೂ ಚರ್ಚೆ ನಡೆಯಿತು. ಒಬ್ಬನೇ ಮನುಷ್ಯ ವೈರಿಗೆ ಹಳಿ ಬಿಗಿಮಾಡಿದ ದೇಶದ್ರೋಹಿಯೂ ಹಳಿ ಕೆಡಿಸಿದ ಕೆಟ್ಟ ಕೆಲಸಗಾರನೂ ಆಗಿರುವುದು ನಿಯಮಗಳಿಗೆ ಒಗ್ಗುವಂಥದ್ದಲ್ಲ. ಕೊನೆಗೆ ಪಾಸ್ಕೋ ದಾರಿ ಕಂಡುಹಿಡಿದರು. ವೈರಿಯ ರೈಲು ಇಲಾಖೆಯ ದೃಷ್ಟಿಯಲ್ಲಿ ರೈಲೇ ಅಲ್ಲ. ಇಲ್ಲದ ರೈಲಿಗೆ ಯಾರೂ ಹಳಿ ಹಾಕಿರಲಾರರು. ಆದ್ದರಿಂದ ಪರ್ಸ್ ಹ್ಯಾಲೆಟ್ ಜನ್ಮದಲ್ಲಿ ಹಳಿ ಮುಟ್ಟಿದವನಲ್ಲ. ಅವನನ್ನು ಹೊಸಬನೆಂದು ಕೆಲಸಕ್ಕೆ ಸೇರಿಸಿಕೊಳ್ಳಬಹುದು. ಆದರೆ ಕ್ವಾರ್ಟರ್ಸ್ ಅನುಭವಸ್ಥರಿಗೆ ಮಾತ್ರ. ಹೊಸಬರಿಗೆ ಹಳಿ ಪಕ್ಕದಲ್ಲಿ ಡೇರೆ.

ಮನೆಗೆ ಮರಳುವಾಗ ಡಲ್ಸಿ ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಬೇಕರಿ ದಾಟಿದ ಮೇಲೆ ತಡೆಯಲಾಗಲಿಲ್ಲ. “ಬ್ಲೂಯಿ ಹೇಗೂ ಸತ್ತುಹೋದ. ಒಂದು ಮಾತು ಸುಳ್ಳಾಡಿದ್ರೆ ಅವನಿಗೇನು ನೋವಾಗ್ತಿತ್ತು?”

“ಸತ್ತಿದ್ದು ಆಸ್ಪತ್ರೆ ಚಾಪೆ ಮೇಲೆ. ಬೋಗಿ ಉರುಳಿ ಅಲ್ಲ,” ಎಂದ ಪರ್ಸ್. “ಕೆಡಿಸ್ದೆ ಅಂತಷ್ಟೇ ಹೇಳಿದ್ರೆ ಹ್ಯಾಡ್ರಿಕ್ ಅದನ್ನೇ ಊರಿಗೆಲ್ಲ ಸಾರ್ತಿದ್ದ. ಆ ಹಳಿ ಮೇಲೇ ಮಗನ್ನ ಸಾಗಿಸಿದ್ರು ಅಂತ ಬ್ಲೂಯಿ ಅಮ್ಮನಿಗೆ ಗೊತ್ತು, ಡಲ್ಸಿ. ಅವರ ಕೈಯಿಂದ ಬ್ರೆಡ್ ಹೇಗೆ ಇಸ್ಕೊಳ್ಲಿ?”

ಮನೆಗೆ ಹೋಗಿ ಡಲ್ಸಿ ಡೇರೆಗೆ ಒಯ್ಯಲು ಪಾತ್ರೆ ಕಟ್ಟತೊಡಗಿದಳು.

ಸೋಮವಾರ ಮೇಸ್ತ್ರಿ ಪರ್ಸನನ್ನು ಹಳಿಯ ಮೇಲೆ ನಿಲ್ಲಿಸಿ, ಸುತ್ತಿಗೆಯನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ನಿಧಾನವಾಗಿ ತೋರಿಸಿಕೊಟ್ಟ. ಪರ್ಸ್ ಗಮನವಿಟ್ಟು ನೋಡಿದ, ಒಂದು ಸಂದೇಹವನ್ನೂ ಕೇಳಿದ. ಸಂಜೆ ಡೇರೆ ಹಾಕುವಾಗ ಅದನ್ನೆಲ್ಲ ಹೆಂಡತಿಗೆ ಹೇಳಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗಿಲ್ಲದ ಊರು, ಏಪ್ರನ್ನಿನಿಂದಲೇ ಕಣ್ಣೊರೆಸಿಕೊಂಡು ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು.

“ಕೊಡಿ ಇಲ್ಲಿ. ಅನುಭವ ಇಲ್ಲದೋರು ಸ್ವಲ್ಪ ದೂರ ನಿಂತ್ಕೊಳ್ಳಿ.”

ಗೂಟಗಳನ್ನೆಲ್ಲ ಅವಳೇ ಹೊಡೆದಳು. ಪರ್ಸ್ ಅವಳು ಹೇಳಿದ ಕಡೆ ಹಗ್ಗ ಹಿಡಿದು ನಿಂತ.